ಲಾಂಗೂಲಾಚಾರ್ಯರ ಅಂಕಣಗಳನ್ನು ಉಳಿಸಿಕೊಡಿ: ಮಾಧ್ಯಮ ಅಕಾಡೆಮಿಗೂ ಪುಸ್ತಕ ಪ್ರಾಧಿಕಾರಕ್ಕೂ ಒಂದು ಬಹಿರಂಗ ಪತ್ರ

ಕರ್ನಾಟಕ ಮಾಧ್ಯಮ ಅಕಾಡೆಮಿ ಹಾಗೂ ಕನ್ನಡ ಪುಸ್ತಕ ಪ್ರಾಧಿಕಾರದ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಮಾನ್ಯರೇ,

ಪತ್ರಕರ್ತ ಪಾ.ವೆಂ. ಆಚಾರ್ಯರ ಹೆಸರೆತ್ತಿದರೆ ವಯಸ್ಸಾದ ಓದುಗರು ತಟ್ಟನೆ ಅವರು ಸಂಪಾದಿಸಿದ ಮಾಸಿಕ ‘ಕಸ್ತೂರಿ’ ಎನ್ನುತ್ತಾರೆ. ಸ್ವಲ್ಪ ಹೆಚ್ಚು ಓದಿದವರು ಪದಗಳ ಮೂಲ ಹುಡುಕುವ ಅವರ ‘ಪದಾರ್ಥ ಚಿಂತಾಮಣಿ’ಯ ಹೆಸರನ್ನೂ ಹೇಳುತ್ತಾರೆ. ಆದರೆ ‘ಲಾಂಗೂಲಾಚಾರ್ಯ’ ಎಂಬ ಹೆಸರಿನಲ್ಲಿ ಅವರು ಬರೆದ ಹಾಸ್ಯ, ವಿಡಂಬನೆಗಳನ್ನು ಓದಿದ್ದೀರಾ ಎಂದು ಕೇಳಿ ನೋಡಿ. ಹೌದು ಎನ್ನುವವರು ತೀರಾ ಕಡಿಮೆ. ಅವರು ಕವಿಯೂ ಹೌದು, ‘ನವನೀರದ’ ಎಂಬ ಕವನ ಸಂಕಲನ ಅವರದು, ತಾಯಿನುಡಿ ತುಳುವಿನಲ್ಲೂ ಕವಿತೆ ಕಟ್ಟಿದವರು ಎಂದರಂತೂ ಕನ್ನಡ ಎಂ.ಎ. ಮುಗಿಸಿದ ಮಕ್ಕಳೂ ಮುಖ ಮುಖ ನೋಡಿಕೊಳ್ಳುತ್ತಾರೆ.

ನಾನು ಪತ್ರಕರ್ತನಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು, ಹುಬ್ಬಳ್ಳಿಯವನು. ನಿಮ್ಮ ಎರಡೂ ಸಂಸ್ಥೆಗಳಲ್ಲಿ ನನ್ನದೊಂದೇ ಬೇಡಿಕೆ. ಲಾಂಗೂಲಾಚಾರ್ಯರ ಪತ್ರಿಕಾ ಬರಹಗಳನ್ನು ಹಳೆಯ ಕಡತಗಳಿಂದ ಹುಡುಕಿ ತೆಗೆಸಿ, ಪ್ರಕಟವಾದ ತಾರೀಖಿನೊಂದಿಗೆ, ಟಿಪ್ಪಣಿಗಳೊಂದಿಗೆ, ಅವರ ಕವಿತೆಗಳ ಜೊತೆಗೆ ಅಚ್ಚು ಮಾಡಿಸಿ. ಇದನ್ನು ಈಗಲೇ ಮಾಡಬೇಕು. ಯಾಕೆ ಈಗಲೇ ಎಂಬುದನ್ನು ವಿವರಿಸಲಿಕ್ಕೆಂದೇ ಈ ಪತ್ರ ಉದ್ದವಾಗಿದೆ.

ಪಾಡಿಗಾರು ವೆಂಕಟರಮಣ ಆಚಾರ್ಯರು ಹುಟ್ಟಿದ್ದು 1915ರಲ್ಲಿ, ಉಡುಪಿಯಲ್ಲಿ. ಮನೆಯಲ್ಲಿ ಬಡತನ. ಶಾಲೆಯ ಓದು ಮೆಟ್ರಿಕ್‌ನ ಹಂತಕ್ಕೇ ನಿಂತಿತು. ಮುಂದೆ ಅವರು ಸಂಪಾದಿಸಿದ ಇಂಗ್ಲಿಷ್, ಸಂಸ್ಕೃತ, ಇತಿಹಾಸ, ಭಾಷಾಶಾಸ್ತ್ರವೆಲ್ಲ ಸ್ವಂತ ದುಡಿಮೆಯ ಫಲ. ಆಗ ಉಡುಪಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಹುಬ್ಬಳ್ಳಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಘಟ್ಟ ಹತ್ತಿ ಬಂದು ಲೋಕಶಿಕ್ಷಣ ಟ್ರಸ್ಟಿನ ಪತ್ರಿಕಾ ಬಳಗ ಸೇರಿದ ಈ ತರುಣ ದಾಟಿ ಬಂದದ್ದು ಎರಡು ಸರಕಾರಗಳನ್ನು, ಎರಡು ಬಗೆಯ ಕನ್ನಡವನ್ನು. ಮನೆಯಲ್ಲಿ ತುಳು, ಓದಿದ್ದು ಕರಾವಳಿಯ ಗ್ರಾಂಥಿಕ ಕನ್ನಡ, ಬರೆಯಬೇಕಾದದ್ದು ಬೆಳಗಾವಿ, ವಿಜಾಪುರ, ಗದಗದ ರೈತನೂ ವ್ಯಾಪಾರಿಯೂ ಓದುವ ಪತ್ರಿಕೆಗೆ. ಆ ಟ್ರಸ್ಟಿನ ‘ಸಂಯುಕ್ತ ಕರ್ನಾಟಕ’ ದಿನಪತ್ರಿಕೆ, ‘ಕರ್ಮವೀರ’ ವಾರಪತ್ರಿಕೆಗಳ ಅನುಭವ ಮುಗಿಸಿಕೊಂಡು ಅವರು ‘ಕಸ್ತೂರಿ’ ಮಾಸಿಕದ ಹೊಣೆ ಹೊತ್ತರು. ‘ಕಸ್ತೂರಿ’ ಶುರುವಾದದ್ದು 1956ರಲ್ಲಿ, ಕನ್ನಡನಾಡು ಒಂದಾದ ವರ್ಷವೇ. ರೀಡರ್ಸ್ ಡೈಜೆಸ್ಟಿನ ಮಾದರಿಯ ಆ ಪುಟ್ಟ ಪತ್ರಿಕೆ ವಿಜ್ಞಾನ, ಚರಿತ್ರೆ, ವೈದ್ಯ, ಸಾಹಿತ್ಯವನ್ನು ಹಳ್ಳಿಯ ಜಗಲಿಗೂ ತಂದಿತು. ತಿಂಗಳಿಗೊಂದು ಪುಸ್ತಕದ ಸಂಗ್ರಹವನ್ನು ಹಿಂದಿನ ಪುಟಗಳಲ್ಲಿ ಕೊಟ್ಟಿತು. ಮನೆಯಲ್ಲಿ ಕಪಾಟು ತುಂಬ ಪುಸ್ತಕ ಇಲ್ಲದವರು ‘ಕಸ್ತೂರಿ’ಯ ಸಂಚಿಕೆಗಳನ್ನೇ ಹೊಲಿಸಿ, ಬೈಂಡ್ ಮಾಡಿಸಿ ಇಟ್ಟುಕೊಂಡರು. ಈ ಕಥೆಯನ್ನು ಇನ್ನಷ್ಟು ಬೆಳೆಸುವುದಿಲ್ಲ. ಸಂಪಾದಕ ಪಾವೆಂ ಅವರನ್ನು ನಾಡು ಮರೆತಿಲ್ಲ.

ಮರೆತಿರುವುದು ಅಂಕಣಕಾರನನ್ನು. ಅದಕ್ಕೆ ಕಾರಣ ಅಂಕಣದ ಸ್ವಭಾವದಲ್ಲೇ ಇದೆ. ಆ ಕಾಲದ ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೂತವರ ಕೆಲಸ ನೆನಪಿಸಿಕೊಳ್ಳಿ. ಸುದ್ದಿ ಬರುತ್ತಿದ್ದದ್ದು ಟೆಲಿಪ್ರಿಂಟರಿನಲ್ಲಿ, ಇಂಗ್ಲಿಷಿನಲ್ಲಿ. ಅದನ್ನು ರಾತ್ರೋರಾತ್ರಿ ಕನ್ನಡಕ್ಕೆ ತರಬೇಕು. ಒಂದೊಂದೇ ಅಚ್ಚುಮೊಳೆ ಜೋಡಿಸುವ ಕಂಪೋಸಿಟರ್ ಬಾಗಿಲಲ್ಲಿ ಕಾಯುತ್ತಿರುತ್ತಾನೆ. ಬೆಳಗಿನ ರೈಲಿಗೆ, ಬಸ್ಸಿಗೆ ಪತ್ರಿಕೆಯ ಕಟ್ಟು ಹೋಗಲೇಬೇಕು. ಹೊಸ ಕಾಯ್ದೆಗೆ, ಹೊಸ ಯಂತ್ರಕ್ಕೆ, ಹೊಸ ಹುದ್ದೆಗೆ ಕನ್ನಡದಲ್ಲಿ ಹೆಸರಿರದಿದ್ದರೆ ನಿಂತ ನಿಲುವಿನಲ್ಲೇ ಹುಟ್ಟಿಸಬೇಕು. ಈ ಗಡಿಬಿಡಿಯ ನಡುವೆ ಬರೆದ ಹಾಸ್ಯ ಬೇರೆ ಬಗೆಯದು. ಅದಕ್ಕೆ ಬಿಡುವಿಲ್ಲ, ಎರಡನೆಯ ಕರಡಿಲ್ಲ. ಬೆಳಿಗ್ಗೆ ಓದಿದವನಿಗೆ ನಿನ್ನೆಯ ಸುದ್ದಿ ಗೊತ್ತಿದೆ ಎಂಬ ನಂಬಿಕೆಯ ಮೇಲೆ ಅದು ನಿಂತಿರುತ್ತದೆ. ಆಚಾರ್ಯರ ಪಾಂಡಿತ್ಯ ಈ ಕೆಲಸಕ್ಕೆ ಅಡ್ಡ ಬರಲಿಲ್ಲ, ಇಂಬಾಯಿತು. ಪುರಾಣ, ಕಾವ್ಯ, ಗಾದೆ, ಸರಕಾರಿ ಸುತ್ತೋಲೆ, ಪೇಟೆಯ ಮಾತು ಎಲ್ಲವೂ ಅವರ ಕೈಗೆ ಸುಲಭವಾಗಿ ಸಿಗುತ್ತಿದ್ದವು. ‘ಪ್ರಹಾರ’, ‘ವಕ್ರದೃಷ್ಟಿ’ಗಳ ಪ್ರಬಂಧಕಾರ ಬೆಳೆದದ್ದು ಈ ಡೆಸ್ಕಿನಲ್ಲಿ ಎಂದೇ ನನ್ನ ನಂಬಿಕೆ. ಆ ಪುಸ್ತಕಗಳು ಇಂದು ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಪುಣ್ಯ. ಪುಸ್ತಕವಾಗದೆ ಪತ್ರಿಕೆಯಲ್ಲೇ ಉಳಿದ ಬರಹಗಳಿಗೆ ಆ ಪುಣ್ಯವೂ ಇಲ್ಲ.

ಕವಿತೆಯ ಬಗೆಗೂ ಒಂದು ಮಾತು. ಹಾಸ್ಯಗಾರನ ಕವಿತೆಯನ್ನು ನಮ್ಮ ವಿಮರ್ಶೆ ಪಕ್ಕಕ್ಕೆ ಎತ್ತಿಡುತ್ತದೆ. ನಗಿಸುವವನು ಗಂಭೀರವಾಗಿ ಬರೆದರೆ ನಂಬುವುದಿಲ್ಲ, ನಗೆಯ ಪದ್ಯ ಬರೆದರೆ ಕವಿತೆ ಎಂದು ಒಪ್ಪುವುದಿಲ್ಲ. ದಿನಕರ ದೇಸಾಯಿಯವರ ಚೌಪದಿಗಳಿಗೂ ಬಹುಕಾಲ ಇದೇ ಗತಿಯಾಗಿತ್ತು. ಅಂಕೋಲೆಯ ಆ ಮನುಷ್ಯ ರೈತ ಹೋರಾಟ ಕಟ್ಟಿ, ಜಿಲ್ಲೆಯಿಂದಲೇ ಗಡಿಪಾರಾಗಿ, ಹಳ್ಳಿಹಳ್ಳಿಗೆ ಶಾಲೆ ತೆರೆದು, ‘ಜನಸೇವಕ’ ವಾರಪತ್ರಿಕೆ ನಡೆಸಿ, 1967ರಲ್ಲಿ ಲೋಕಸಭೆಗೂ ಹೋಗಿಬಂದವರು. ಅವರ ನಾಲ್ಕು ಸಾಲಿನ ಪದ್ಯಗಳನ್ನು ಓದುಗರು ಬಾಯಿಪಾಠ ಮಾಡಿದ ಮೇಲೆಯೇ ಪಂಡಿತರು ಕಣ್ಣು ತೆರೆದದ್ದು. ಆಚಾರ್ಯರ ಕವಿತೆಗೆ ಆ ಭಾಗ್ಯವೂ ಬರಲಿಲ್ಲ. ಅವರ ಕನ್ನಡ ಕವಿತೆ, ತುಳು ಕವಿತೆ, ಅಂಕಣ ಮೂರನ್ನೂ ಅಕ್ಕಪಕ್ಕ ಇಟ್ಟು ಓದುವ ಅವಕಾಶ ಇದುವರೆಗೆ ಯಾವ ವಿದ್ಯಾರ್ಥಿಗೂ ಸಿಕ್ಕಿಲ್ಲ. ಒಬ್ಬನೇ ಬರಹಗಾರ ಒಂದೇ ದಶಕದಲ್ಲಿ ಎರಡು ಭಾಷೆಗಳಲ್ಲಿ, ಎರಡು ಮೂರು ಹೆಸರುಗಳಲ್ಲಿ ಏನು ಮಾಡುತ್ತಿದ್ದ ಎಂದು ನೋಡದೆ ಅವನ ಬಗ್ಗೆ ತೀರ್ಪು ಕೊಡುವುದು ಅನ್ಯಾಯ.

ಇನ್ನು ನಾನು ಕಣ್ಣಾರೆ ಕಂಡದ್ದು. ಉತ್ತರ ಕರ್ನಾಟಕದ ಒಂದು ಹಳೆಯ ಗ್ರಂಥಾಲಯದಲ್ಲಿ ಕನ್ನಡ ದಿನಪತ್ರಿಕೆಗಳ ಬೈಂಡ್ ಮಾಡಿದ ಕಡತ ಕೇಳಿದೆ. ಅಲ್ಲಿಯ ಸಿಬ್ಬಂದಿ ಒಳ್ಳೆಯವರು. ಮೇಲಿನ ಅಟ್ಟದಿಂದ ಇಳಿಸಿ ಕೊಟ್ಟರು. ರಟ್ಟಿನ ಮೇಲೆ ವರ್ಷ ಬರೆದ ಚೀಟಿ ಅರ್ಧ ಕಿತ್ತುಹೋಗಿತ್ತು. ಪುಟ ತಿರುಗಿಸಿದರೆ ನಡು ಮಡಿಕೆಯಲ್ಲಿ ಕಾಗದ ಹಪ್ಪಳದ ಹಾಗೆ ಮುರಿಯಿತು. ಅಂಚಿನ ಚೂರುಗಳು ಮೇಜಿನ ಮೇಲೆ, ನನ್ನ ಅಂಗಿಯ ತೋಳಿನ ಮೇಲೆ ಉದುರಿದವು. ಒಂದು ಕಡೆ ಬೆಳ್ಳಿಮೀನು ಹುಳ ತಿಂದು ಎರಡು ಕಾಲಂ ಜರಡಿಯಾಗಿತ್ತು. ಇನ್ನೊಂದು ಕಡೆ ಹುಳದ ತಪ್ಪಿಲ್ಲ. ಯಾರೋ ಬ್ಲೇಡಿನಿಂದ ನಾಲ್ಕೂ ಬದಿ ನೇರವಾಗಿ ಕೊಯ್ದು ಒಂದು ಅಂಕಣವನ್ನೇ ಎತ್ತಿಕೊಂಡು ಹೋಗಿದ್ದರು. ಆ ಚೌಕಾಕಾರದ ಖಾಲಿಯಿಂದ ಹಿಂದಿನ ಪುಟದ ಪೇಟೆಧಾರಣೆ ಕಾಣುತ್ತಿತ್ತು. ಅಲ್ಲಿ ಏನಿತ್ತೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಆ ಸಿಬ್ಬಂದಿಯ ಮೇಲೆ ದೂರು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಪತ್ರಿಕೆ ಅಚ್ಚಾಗುವ ಕಾಗದ ಮರದ ತಿರುಳನ್ನು ಯಂತ್ರದಲ್ಲಿ ಅರೆದು ಮಾಡಿದ್ದು. ಅದರಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೂ ಗಾಳಿಗೂ ಹಳದಿಯಾಗುತ್ತದೆ, ಆಮ್ಲ ಬಿಡುತ್ತದೆ, ನಾರು ಮುರಿಯುತ್ತದೆ. ಎಷ್ಟು ಜೋಪಾನ ಮಾಡಿದರೂ ಅದಕ್ಕೆ ಆಯುಸ್ಸು ಕಡಿಮೆ. ನಾವು ಕೈ ಹಚ್ಚದೆ ಬಿಟ್ಟರೂ ಅದು ಕಪಾಟಿನಲ್ಲೇ ಪುಡಿಯಾಗುತ್ತದೆ.

ಒಂದು ಸಮಾಧಾನವಿದೆ. ಪ್ರಕಾಶಕರು ಪುಸ್ತಕದ ಪ್ರತಿಗಳನ್ನು ಕಡ್ಡಾಯವಾಗಿ ಕೊಡಬೇಕೆಂಬ 1954ರ ಕೇಂದ್ರ ಕಾಯ್ದೆಗೆ 1956ರಲ್ಲಿ ಪತ್ರಿಕೆಗಳನ್ನೂ ಸೇರಿಸಿದರು. ಆ ಮೇಲಿನ ಸಂಚಿಕೆಗಳು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದಂಥ ಕಡೆಗೆ ಹೋಗಬೇಕಿತ್ತು. ಅಲ್ಲಿ ಏನೇನು ಇದೆ ಎಂದು ಅಕಾಡೆಮಿ ಅಧಿಕೃತವಾಗಿ ಒಂದು ಪತ್ರ ಬರೆದು ಕೇಳಿದರೆ ಉತ್ತರ ಬರುತ್ತದೆ. ನನ್ನಂಥವನು ಬರೆದರೆ ಬರುವುದು ಕಷ್ಟ. ಆದರೆ 1956ಕ್ಕೆ ಮೊದಲಿನ ವರ್ಷಗಳಿಗೆ, ಅಂದರೆ ಆಚಾರ್ಯರು ಹುಬ್ಬಳ್ಳಿಯಲ್ಲಿ ಲೇಖನಿ ಹದಗೊಳಿಸಿಕೊಂಡ ವರ್ಷಗಳಿಗೆ, ಆ ಆಸರೆಯಿಲ್ಲ. ಪತ್ರಿಕಾ ಕಚೇರಿಯ ಕಡತ, ಹಳೆಯ ವಾಚನಾಲಯಗಳು, ಮನೆಮನೆಯ ಪೆಟ್ಟಿಗೆಗಳು, ಇಷ್ಟೇ.

ಬರೀ ಫೋಟೊ ತೆಗೆದು ಜಾಲಕ್ಕೆ ಹಾಕಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಹಾಸ್ಯದ ಅಂಕಣಕ್ಕೆ ಟಿಪ್ಪಣಿ ಬೇಕು. ಉದಾಹರಣೆಗೆ 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. ಒಂದಾಣೆಗೆ ಲೆಕ್ಕದಂತೆ ಆರೂ ಕಾಲು, ಅಂಗಡಿಯಲ್ಲಿ ಕೊಡುವುದು ಆರು. ಮೂರಾಣೆಗೆ ಹದಿನೆಂಟೂ ಮುಕ್ಕಾಲು, ಕೊಡಬೇಕಾದದ್ದು ಹತ್ತೊಂಬತ್ತು. ಚಹದಂಗಡಿಯ ಗಲ್ಲಾದ ಮುಂದೆ, ಅಂಚೆ ಕಚೇರಿಯ ಕಿಟಕಿಯ ಮುಂದೆ ದಿನವೂ ಜಗಳ. ಆ ವಾರದ ಯಾವುದೇ ನಗೆಬರಹ ಇಂದಿನ ಇಪ್ಪತ್ತರ ಹುಡುಗಿಗೆ ಅರ್ಥವಾಗಬೇಕಾದರೆ ಈ ಲೆಕ್ಕವನ್ನು ಅಡಿಟಿಪ್ಪಣಿಯಲ್ಲಿ ಯಾರಾದರೂ ಹೇಳಲೇಬೇಕು. ಮುಂಬಯಿ ರಾಜ್ಯದ ಪಾನನಿಷೇಧ, ರೇಷನ್ನಿನ ಸಕ್ಕರೆ, ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಆಭರಣ ಮಾಡಬಾರದೆಂದು 1963ರಲ್ಲಿ ಬಂದ ಚಿನ್ನದ ನಿಯಂತ್ರಣ, ಪ್ರಧಾನಿ ಶಾಸ್ತ್ರೀಜಿಯವರ ಸೋಮವಾರ ರಾತ್ರಿಯ ಉಪವಾಸದ ಕರೆ, ಏಕೀಕರಣದ ಗಡಿ ವಿವಾದ, ಎಲ್ಲಕ್ಕೂ ಇದೇ ಮಾತು. ಅಂದಿನ ಓದುಗ ನಕ್ಕದ್ದು ಯಾಕೆ ಎಂದು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ, ಎಂಬತ್ತು, ತೊಂಬತ್ತರ ವಯಸ್ಸಿನಲ್ಲಿ. ಟಿಪ್ಪಣಿಗೆ ಅವರೇ ದೊಡ್ಡ ಆಧಾರ. ಕಾಗದಕ್ಕಿಂತ ಬೇಗ ಕಳೆದುಕೊಳ್ಳುವುದು ಅವರ ನೆನಪನ್ನು. ನಾನು ‘ಈಗಲೇ’ ಎಂದು ಒತ್ತಿ ಹೇಳುವುದು ಇದಕ್ಕೇ.

ಮೂಲ ಪಠ್ಯ, ತಾರೀಖು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೀಚಿಯವರ ಹೆಸರಿಗಾದ ಗತಿಯೇ ಸಾಕ್ಷಿ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತ ಕಾದಂಬರಿ, ನಾಟಕ, ಪತ್ರಿಕಾ ಅಂಕಣ ಬರೆದರು. ಡಿವಿಜಿಯವರ ಕಗ್ಗದ ಧಾಟಿಯಲ್ಲಿ ‘ಅಂದನಾ ತಿಂಮ’ ಎಂಬ ಪದ್ಯಗಳನ್ನೂ ಬರೆದರು. ಅವರ ಪುಸ್ತಕಗಳು ಸಿಗುತ್ತವೆ, ಗಂಗಾವತಿ ಪ್ರಾಣೇಶರಂಥವರು ಅವರ ಹೆಸರನ್ನು ವೇದಿಕೆಯ ಮೇಲೆ ಜೀವಂತ ಇಟ್ಟಿದ್ದಾರೆ, ಅದು ಸಂತೋಷ. ಆದರೂ ಇವತ್ತು ಮೊಬೈಲಿನಲ್ಲಿ ಓಡಾಡುವ ಗಂಡಹೆಂಡಿರ ಜೋಕು, ಕುಡುಕರ ಜೋಕು ಎಲ್ಲದರ ಕೆಳಗೂ ‘ಬೀಚಿ’ ಎಂದು ಬರೆದಿರುತ್ತದೆ. ಸಮಾಜದ ಕಪಟವನ್ನು ಕಂಡು ಹೊಟ್ಟೆಯುರಿದು ಬರೆದ ಲೇಖಕ ಚಿಲ್ಲರೆ ಚಟಾಕಿಯವನೆಂದು ಹೊಸ ಪೀಳಿಗೆ ತಿಳಿದುಕೊಂಡಿದೆ. ಪುಸ್ತಕಗಳಿರುವ ಬೀಚಿಗೇ ಹೀಗಾದರೆ, ಅಂಕಣಗಳು ಕಡತದಲ್ಲಿ ಹೂತುಹೋದ ಲಾಂಗೂಲಾಚಾರ್ಯರ ಪಾಡೇನು? ‘ಪ್ರಜಾವಾಣಿ’ಯ ‘ಛೂಬಾಣ’ ಅಂಕಣದ ಟಿಯೆಸ್ಸಾರ್ (ಟಿ.ಎಸ್. ರಾಮಚಂದ್ರರಾವ್) ಅವರ ಹೆಸರಿನಲ್ಲಿ ಸರಕಾರ ಪತ್ರಕರ್ತರಿಗೆ ಪ್ರಶಸ್ತಿ ಕೊಡುತ್ತದೆ. ಒಳ್ಳೆಯದೇ. ಪ್ರಶಸ್ತಿ ಪಡೆಯುವ ತರುಣ ಪತ್ರಕರ್ತರ ಕೈಗೆ ಪ್ರಶಸ್ತಿಪತ್ರದ ಜೊತೆ ‘ಛೂಬಾಣ’ದ ಒಂದು ಸಂಪುಟವನ್ನೂ ಕೊಡುವಂತಾದರೆ ಆ ಹೆಸರಿಗೆ ನ್ಯಾಯ ಸಲ್ಲುತ್ತದೆ. ಪತ್ರಕರ್ತ ವೈಎನ್ಕೆಯವರ ಪದಚಮತ್ಕಾರದ ಅಂಕಣಗಳಿಗೂ ಇದೇ ಮಾತು. ಆದರೆ ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಆಗುವುದಿಲ್ಲ ಎಂಬುದು ಸರಕಾರಿ ಯೋಜನೆಗಳನ್ನು ನೋಡುತ್ತ ಬಂದ ನನ್ನ ಅನುಭವ. ಮೊದಲು ಒಬ್ಬರದನ್ನು ಪೂರ್ತಿ ಮಾಡಿ. ಪುಸ್ತಕವಾಗದೆ ಉಳಿದ ಬರಹ ಹೆಚ್ಚಾಗಿರುವ ಆಚಾರ್ಯರಿಂದಲೇ ಶುರುವಾಗಲಿ.

ಹಕ್ಕಿನ ತೊಡಕಿದೆ ಎಂದು ನಿಮ್ಮ ಕಚೇರಿಯಲ್ಲಿ ಟಿಪ್ಪಣಿ ಹಾಕುವವರು ಹೇಳಬಹುದು. ಅದನ್ನೂ ನೋಡಿಕೊಂಡೇ ಬರೆಯುತ್ತಿದ್ದೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಹಕ್ಕು ಇರುತ್ತದೆ. ಆಚಾರ್ಯರು ತೀರಿಕೊಂಡದ್ದು 1992ರಲ್ಲಿ. ಅಂದರೆ 2052 ಮುಗಿಯುವವರೆಗೆ ಅವರ ಬರಹ ಎಲ್ಲರ ಸ್ವತ್ತಾಗುವುದಿಲ್ಲ. ಗುಪ್ತನಾಮದ ಬರಹಕ್ಕೆ ಬೇರೆ ಲೆಕ್ಕವಿದ್ದರೂ ಲೇಖಕ ಯಾರೆಂದು ಬಹಿರಂಗವಾದ ಮೇಲೆ ಇದೇ ಲೆಕ್ಕ. ಇನ್ನು ಪತ್ರಿಕೆಯ ನೌಕರಿಯಲ್ಲಿದ್ದು ಬರೆದದ್ದಕ್ಕೆ ಕಾಯ್ದೆಯ 17ನೆಯ ಕಲಮಿನಲ್ಲಿ ಒಂದು ಹಂಚಿಕೆಯಿದೆ. ಬೇರೆ ಕರಾರು ಇಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಪತ್ರಿಕೆಯ ಒಡೆತನದವರದು, ಉಳಿದದ್ದು ಲೇಖಕನದು. ಹಾಗಾಗಿ ಪುಸ್ತಕಕ್ಕೆ ಕುಟುಂಬದವರ ಒಪ್ಪಿಗೆ ಬೇಕು, ಕಡತ ತೆರೆಯಲು ಪತ್ರಿಕೆಯವರ ಸಹಕಾರ ಬೇಕು. ಎರಡನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಪಡೆಯಬಲ್ಲ ಗೌರವ ನಿಮ್ಮ ಸಂಸ್ಥೆಗಳಿಗೆ ಇದೆ, ಖಾಸಗಿ ಪ್ರಕಾಶಕರಿಗೆ ಅದು ಸುಲಭವಲ್ಲ. ಪಕ್ಕದ ತಮಿಳುನಾಡು ಸರಕಾರ ಲೇಖಕರ ವಾರಸುದಾರರಿಗೆ ಗೌರವಧನ ಕೊಟ್ಟು ಕೃತಿಗಳನ್ನು ನಾಡಿನ ಸ್ವತ್ತಾಗಿ ಮಾಡಿಕೊಳ್ಳುವ ಪದ್ಧತಿಯನ್ನು ದಶಕಗಳಿಂದ ಇಟ್ಟುಕೊಂಡಿದೆ. ನಾವೂ ಆ ದಾರಿ ಹಿಡಿಯಬಹುದು. ಕುಟುಂಬಕ್ಕೆ ಸಲ್ಲಬೇಕಾದದ್ದು ಸಲ್ಲಲಿ. ಪುಕ್ಕಟೆ ಕೊಡಿ ಎಂದು ಕೇಳುವುದು ಬೇಡ, ಅದು ಲೇಖಕನಿಗೆ ಮಾಡುವ ಅವಮಾನ.

ಇಂಥ ಕೆಲಸ ನಮ್ಮಲ್ಲಿ ಆಗಿಯೇ ಇಲ್ಲ ಎಂದಲ್ಲ. ಡಿವಿಜಿಯವರೂ ಪತ್ರಕರ್ತರೇ. ಅವರ ಬರಹಗಳನ್ನು ಕೃತಿಶ್ರೇಣಿಯಾಗಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸುಲಭ ಬೆಲೆಗೆ ತಂದದ್ದರಿಂದಲೇ ನನ್ನಂಥ ಮೇಷ್ಟರ ಮನೆಗೂ ಅವು ಬಂದವು. ಅದೇ ಶ್ರದ್ಧೆ ನಗೆಬರಹಕ್ಕೂ ಸಿಗಲಿ ಎಂದು ಕೇಳುತ್ತಿದ್ದೇನೆ. ಪತ್ರಿಕೋದ್ಯಮ ಕಲಿಯುವ ಮಕ್ಕಳಿಗೆ ಇಂಗ್ಲಿಷಿನ ಅಂಕಣಕಾರರ ಮಾದರಿಗಳನ್ನು ಕೊಡುತ್ತೇವೆ. ಒಬ್ಬ ಮೆಟ್ರಿಕ್ ಓದಿನ ಕನ್ನಡಿಗ ಹುಬ್ಬಳ್ಳಿಯ ಡೆಸ್ಕಿನಲ್ಲಿ ಕೂತು ಲೋಕವನ್ನೆಲ್ಲ ಓದಿಕೊಂಡು ಹೇಗೆ ಬರೆದ ಎಂಬ ಮಾದರಿ ಅವರಿಗೆ ಎಲ್ಲಿಂದ ಸಿಗಬೇಕು? ವಾಕ್ಯ ಎಲ್ಲಿ ನಿಲ್ಲಿಸಬೇಕು, ಒಬ್ಬ ಮಂತ್ರಿಯನ್ನು ಟೀಕಿಸುವಾಗ ಮನುಷ್ಯನ ಮಾನ ಎಲ್ಲಿ ಕಾಯಬೇಕು, ಓದುಗನ ಬುದ್ಧಿಯನ್ನು ಎಷ್ಟು ನಂಬಬೇಕು, ಇವನ್ನು ಪಠ್ಯಪುಸ್ತಕದ ನಿಯಮಗಳಿಂದ ಕಲಿಸಲಾಗದು. ಚೆನ್ನಾಗಿ ಬರೆದವರನ್ನು ಓದಿಸಿಯೇ ಕಲಿಸಬೇಕು.

ಹೀಗೆ ಮಾಡಬಹುದು ಎಂದು ನನಗೆ ತೋರುತ್ತದೆ. ಪತ್ರಿಕೆಯ ಕಡತ ಬಲ್ಲವರು ಒಬ್ಬರು, ತುಳು ಬಲ್ಲವರು ಒಬ್ಬರು, ಆ ಕಾಲದ ರಾಜಕೀಯ ಬಲ್ಲವರು ಒಬ್ಬರು, ಸ್ಕ್ಯಾನಿಂಗ್ ಕೆಲಸ ಗೊತ್ತಿರುವ ತರುಣರು ಇಬ್ಬರು, ಇಷ್ಟು ಜನರ ಚಿಕ್ಕ ಸಮಿತಿ ಸಾಕು. ಅದು ಹುಬ್ಬಳ್ಳಿಯಲ್ಲೇ ಇರಲಿ, ಬೆಂಗಳೂರಿನಲ್ಲಿ ಬೇಡ. ಮೊದಲು ಯಾವ ವರ್ಷದ ಯಾವ ಸಂಚಿಕೆ ಎಲ್ಲಿದೆ, ಯಾವುದು ಎಲ್ಲೂ ಇಲ್ಲ ಎಂಬ ಪಟ್ಟಿ ಸಿದ್ಧವಾಗಲಿ. ಮುರಿಯುವ ಸ್ಥಿತಿಯಲ್ಲಿರುವ ಸಂಪುಟಗಳನ್ನು ಮೊದಲು ಸ್ಕ್ಯಾನ್ ಮಾಡಲಿ. ಕತ್ತರಿಸಿದ ತುಣುಕು ಬೇಡ, ಇಡೀ ಪುಟವೇ ಬರಲಿ, ಅಂಕಣದ ಅಕ್ಕಪಕ್ಕದ ಸುದ್ದಿಯಲ್ಲೇ ಎಷ್ಟೋ ಸಲ ಅದರ ಕೀಲಿಯಿರುತ್ತದೆ. ಪುಸ್ತಕದಲ್ಲಿ ‘ಆಯ್ದ’ ಎಂಬ ಪದ ಬೇಡ. ಆಯ್ಕೆ ಮಾಡುವವರು ಇಂದಿನ ರುಚಿಗೆ, ಇಂದಿನ ಭಯಕ್ಕೆ ತಕ್ಕಂತೆ ಆಯುತ್ತಾರೆ. ಇಂದು ಒರಟೆನಿಸುವ ಮಾತಿದ್ದರೆ ಅದೂ ಇರಲಿ, ಟಿಪ್ಪಣಿ ಹಾಕಿ. ಹೆಸರಿಲ್ಲದೆ ಬಂದ ಬರಹ ಆಚಾರ್ಯರದೇ ಎಂದು ಖಚಿತವಾಗದಿದ್ದರೆ ಅನುಬಂಧದಲ್ಲಿ ಬೇರೆಯಾಗಿ ಇಡಿ, ಊಹೆಯ ಮೇಲೆ ಅವರ ತಲೆಗೆ ಕಟ್ಟಬೇಡಿ. ತುಳು ಕವಿತೆಗಳು ತುಳುವಿನಲ್ಲೇ ಬರಲಿ, ಎದುರು ಪುಟದಲ್ಲಿ ಕನ್ನಡದ ಗದ್ಯಾನುವಾದವಿರಲಿ. ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿ ಈ ಭಾಗಕ್ಕೆ ಕೈಜೋಡಿಸಬೇಕೆಂದು ಅವರಲ್ಲೂ ಈ ಮೂಲಕ ವಿನಂತಿಸುತ್ತೇನೆ.

ಓದುಗರಲ್ಲೂ ಒಂದು ಮಾತು. ನಿಮ್ಮ ಮನೆಯ ಅಟ್ಟದಲ್ಲಿ, ಅಜ್ಜನ ಟ್ರಂಕಿನಲ್ಲಿ, ‘ಕರ್ಮವೀರ’, ‘ಸಂಯುಕ್ತ ಕರ್ನಾಟಕ’ದ ಹಳೆಯ ಸಂಚಿಕೆಗಳೋ ಕತ್ತರಿಸಿ ಅಂಟಿಸಿಟ್ಟ ಪುಸ್ತಕವೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅಂಟುಪಟ್ಟಿ ಹಚ್ಚಬೇಡಿ, ಅದರ ಗೋಂದು ಕಾಗದವನ್ನು ಇನ್ನೂ ಬೇಗ ತಿನ್ನುತ್ತದೆ. ಒಣಗಿದ ಜಾಗದಲ್ಲಿ ಮಡಿಚದೆ ಚಪ್ಪಟೆಯಾಗಿ ಇಡಿ, ತಾರೀಖು ಕಾಣುವಂತೆ ಒಂದು ಫೋಟೊ ತೆಗೆದುಕೊಳ್ಳಿ.

ಅಕಾಡೆಮಿ ಹಾಗೂ ಪ್ರಾಧಿಕಾರದ ಅಧ್ಯಕ್ಷರೇ, ಆ ಫೋಟೊಗಳನ್ನು ಎಲ್ಲಿಗೆ ಕಳಿಸಬೇಕು ಎಂಬ ವಿಳಾಸವನ್ನು ನೀವು ಪ್ರಕಟಿಸಬೇಕು. ಹಣ ಮಂಜೂರಾಗಲು, ಸಮಿತಿ ರಚನೆಯಾಗಲು ತಿಂಗಳುಗಳು ಹಿಡಿಯಬಹುದು, ಅದು ನನಗೆ ಅರ್ಥವಾಗುತ್ತದೆ. ವಿಳಾಸ ಪ್ರಕಟಿಸಲು ಯಾವ ಮಂಜೂರಾತಿಯೂ ಬೇಡ. ಈ ಕೆಲಸ ಎತ್ತಿಕೊಳ್ಳುತ್ತೀರೋ ಇಲ್ಲವೋ ಎಂಬ ಉತ್ತರವನ್ನು ಪತ್ರಿಕೆಗಳಲ್ಲೇ ಕೊಡಿ. ಎತ್ತಿಕೊಂಡರೆ, ಕಡತಗಳ ಪಟ್ಟಿ ಮಾಡುವ ಕೆಲಸಕ್ಕೆ ಸಂಬಳವಿಲ್ಲದೆ ಬಂದು ಕೂರಲು ನಾನೂ ನನ್ನ ಕೆಲವು ನಿವೃತ್ತ ಸಹೋದ್ಯೋಗಿಗಳೂ ಸಿದ್ಧರಿದ್ದೇವೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ, ಹುಬ್ಬಳ್ಳಿ